ಸಾಲ್ಯಾಗ ಹಲ್ಲಿನ ಕ್ಯಾಂಪ್ ಆತು, ಬ್ರಶ್ ಹಂಚಿದ್ದಾತು, ಮುಂದ ಏನ್ ಮಾಡೋದು?

ರಾಣೇಬೆನ್ನೂರ ಟೀಚರ್:

ಎಲ್ಲಾರಿಗೂ ನಮಸ್ಕಾರ್ರಿ. ನಾನು ಹಾವೇರಿ ಜಿಲ್ಲಾ ರಾಣೇಬೆನ್ನೂರ ತಾಲೂಕಿನ ಒಂದು ಹಳ್ಳ್ಯಾಗ ಸರ್ಕಾರಿ ಪ್ರೈಮರಿ ಸಾಲಿ ಟೀಚರ್, ನಲಿ-ಕಲಿ ತಗೋತೀನಿ, ಅಂದ್ರ ಒಂದರಿಂದ ಮೂರನೇತ್ತೆ ಮಕ್ಕಳು. ಹೋದ ವರ್ಷ ನಮ್ಮ ಎಸ್‌ಡಿಎಂಸಿ (ಸಾಲಿ ಅಭಿವೃದ್ಧಿ ಮತ್ತ ಉಸ್ತುವಾರಿ ಸಮಿತಿ) ಅಧ್ಯಕ್ಷರು ಭಾಳ ಓಡಾಡಿ ಒಂದು ಡೆಂಟಲ್ ಕಾಲೇಜಿನವ್ರನ್ನ ಕರಿಸಿ ಕ್ಯಾಂಪ್ ಮಾಡಿಸಿದ್ರು. ಬಸ್ಸಿನಂಥಾ ಗಾಡಿ ಬಂತು, ಒಳಗ ಕುರ್ಚಿ ಲೈಟು ಎಲ್ಲಾ ಇತ್ತು, ಮಕ್ಕಳು ಪಾಳಿ ಹಚ್ಚಿ ಬಾಯಿ ತೋರಿಸಿದ್ರು, ದೊಡ್ಡ ಹಲ್ಲಿನ ಸೆಟ್ಟು ಹಿಡಕೊಂಡು ಹೆಂಗ ತಿಕ್ಕಬೇಕಂತ ಹೇಳಿಕೊಟ್ರು, ಒಬ್ಬೊಬ್ಬರಿಗೆ ಒಂದು ಬ್ರಶ್ಶು ಒಂದು ಸಣ್ಣ ಪೇಸ್ಟು ಕೊಟ್ರು. ಬಂದವ್ರು ಭಾಳ ಚೊಲೋ ಮಾಡಿದ್ರು, ಅದರಾಗ ಎರಡು ಮಾತಿಲ್ಲ. ಆದ್ರ ಈ ವರ್ಷ ನೋಡಿದ್ರ ಅವೇ ಮಕ್ಕಳ ಬಾಯಾಗ ಹುಳುಕು ಇನ್ನೂ ಜಾಸ್ತಿ ಆಗ್ಯಾವ.

ಎರಡನೇತ್ತೆ ಒಂದು ಹುಡುಗಿ ಐತಿ, ಬಿಸಿಊಟಕ್ಕ ಕುಂತ್ರ ಅನ್ನ ಸಾರನ್ನ ಎಡಗಡೆ ದವಡಿಗೆ ದೂಡಿ ದೂಡಿ ನುಂಗತೈತಿ, ಬಲಗಡೆ ಅಗಿಯಂಗೇ ಇಲ್ಲ. ಮೊಟ್ಟಿ ಕೊಟ್ರ ಬೆರಳಿಲೆ ಸಣ್ಣಗ ಮಾಡಿ ತಿಂತೈತಿ. ಗಲ್ಲ ಒಮ್ಮೊಮ್ಮೆ ಬಾತಿರತೈತಿ, ಮತ್ತ ಇಳಿತೈತಿ. ಮನ್ಯಾಗ ಹೇಳಿದ್ರ ಲವಂಗ ಇಟ್ಟೀವ್ರಿ ಅಂತಾರ.

ಮನೆಯವ್ರನ್ನ ಬೈಯೋಕಂತ ಹೇಳ್ತಿಲ್ರಿ. ನಮ್ಮ ಕಡೆ ಬೀಜೋತ್ಪಾದನೆ ಹೊಲ ಭಾಳ, ತಾಯಂದಿರು ನಸುಕಿನ್ಯಾಗ ಕ್ರಾಸಿಂಗ್ (ಕೈಲೇ ಹೂವಿಗೆ ಪರಾಗ ಮುಟ್ಟಿಸೋ) ಕೆಲಸಕ್ಕ ಹೋಗಿಬಿಡ್ತಾರ, ಮಕ್ಕಳು ತಾವ ಎದ್ದು ಚಾದಾಗ ಬಿಸ್ಕೀಟ ಅದ್ದಿ ತಿಂದು ಸಾಲಿಗೆ ಬರ್ತಾವ, ಹಲ್ಲು ತಿಕ್ಕಿದ್ವೋ ಇಲ್ಲೋ ನೋಡೋರು ಯಾರೂ ಇರಂಗಿಲ್ಲ. ಕೇಳಿದ್ರ ಎಲ್ಲಾರದೂ ಒಂದ ಮಾತು, "ಹಾಲಹಲ್ಲಲ್ರೀ ಟೀಚರ್, ಹೆಂಗೂ ಬೀಳ್ತಾವ". ಸಾಲಿ ಗೇಟಿನ ಎದುರಿಗೇ ಅಂಗಡಿ ಐತಿ, ಎರಡು ರೂಪಾಯಿ ಐದು ರೂಪಾಯಿ ತಗೊಂಡು ಬಂದು ಲಾಲಿಪಾಪು, ಜೆಲ್ಲಿ, ಕುರುಕಲು, ಇಡೀ ದಿನ ಬಾಯಿ ಖಾಲಿ ಇರಂಗಿಲ್ಲ.

ಈಗ ಮತ್ತೊಂದು ಕ್ಯಾಂಪ್ ಮಾಡಿಸೋಣ ಅಂತಾರ. ನನಗ ಅನ್ಸೋದು, ವರ್ಷಕ್ಕೊಮ್ಮೆ ಗಾಡಿ ಬಂದು ಹೋದ್ರ ಸಾಲಂಗಿಲ್ಲ, ನಡುವಿನ ದಿನಕ್ಕ ಏನರ ಬೇಕು. ಸಾಲ್ಯಾಗೇ ದಿನಾ ಹಲ್ಲು ತಿಕ್ಕಿಸಬಹುದಾ? ಯಾರರ ಮಾಡ್ಯಾರೇನು? ಎಷ್ಟು ಹೊತ್ತು ಬೇಕು, ಎಷ್ಟು ರೊಕ್ಕ ಬೇಕು, ಈಗಾಗಲೇ ಹುಳುಕಾದ ಹಲ್ಲಿಗೆ ಎಲ್ಲಿ ಕಳಸಬೇಕು? ಗೊತ್ತಿದ್ದವ್ರು ದಯವಿಟ್ಟು ಹೇಳ್ರಿ.

---

ದಂತವೈದ್ಯ, ದಾವಣಗೆರೆ:

ಟೀಚರ್, ನಿಮ್ಮ ಅನಿಸಿಕೆ ಸರಿಯಾಗೇ ಇದೆ. ನಾನು ಸಮುದಾಯ ದಂತ ಆರೋಗ್ಯ ವಿಭಾಗದಲ್ಲಿ ಓದಿದವನು, ಇಂಥ ಗಾಡೀಲಿ ಸಾಕಷ್ಟು ಹಳ್ಳಿ ತಿರುಗಿದೀನಿ. ಒಂದು ದಿನದ ಭಾಷಣದಿಂದ ಮಕ್ಕಳಿಗೆ ತಿಳುವಳಿಕೆ ಬರುತ್ತೆ, ಕೆಲವು ವಾರ ಹಲ್ಲು ಸ್ವಲ್ಪ ಸ್ವಚ್ಛವಾಗೂ ಇರುತ್ತೆ, ಆದ್ರೆ ಅದೊಂದರಿಂದಲೇ ಹುಳುಕು ಕಮ್ಮಿಯಾಗುತ್ತೆ ಅನ್ನೋಕೆ ಗಟ್ಟಿ ಪುರಾವೆ ಇಲ್ಲ. ಕೊಟ್ಟ ಸಣ್ಣ ಪೇಸ್ಟು ಬೇಗ ಖಾಲಿ, ಬ್ರಶ್ಶು ಮೂರು ತಿಂಗಳಿಗೆ ಎಳೆ ಬಿಚ್ಕೊಳ್ಳುತ್ತೆ, ಆಮೇಲೆ ಮನೇಲಿ ಮೊದಲು ಏನು ನಡೀತಿತ್ತೋ ಅದೇ.

ದಿನಾ ಶಾಲೇಲಿ ತಿಕ್ಕಿಸೋದು, ಅದೂ ಫ್ಲೋರೈಡ್ ಇರೋ ಪೇಸ್ಟಲ್ಲಿ, ಇದಕ್ಕೆ ಪುರಾವೆ ಇದೆ. ಯಾಕೆ ಅಂತ ಸ್ವಲ್ಪ ಹೇಳ್ತೀನಿ, ತಾಯಂದಿರಿಗೆ ಹೇಳೋಕೆ ನಿಮಗೇ ಬೇಕಾಗುತ್ತೆ. ಹಲ್ಲಿಗೆ ಅಂಟಿರೋ ಲೋಳೆ ಪದರದಲ್ಲಿ ಬ್ಯಾಕ್ಟೀರಿಯಾ ಇರ್ತವೆ, ಸಕ್ಕರೆ ಸಿಕ್ಕ ಕೂಡ್ಲೆ ಆಸಿಡ್ ಮಾಡ್ತವೆ, ಆ ಆಸಿಡ್ ಹಲ್ಲಿನ ಖನಿಜ ಕರಗಿಸುತ್ತೆ. ಬಾಯಿ ಮತ್ತೆ ಮಾಮೂಲಿಗೆ ಬರೋಕೆ ಹತ್ತಿರ ಹತ್ತಿರ ಅರ್ಧ ಗಂಟೆ ಬೇಕು. ಹಾಗಾಗಿ ಎಷ್ಟು ಸಕ್ಕರೆ ತಿಂದ್ರು ಅನ್ನೋದಕ್ಕಿಂತ ದಿನಕ್ಕೆ ಎಷ್ಟು ಸಲ ತಿಂದ್ರು ಅನ್ನೋದೇ ಜಾಸ್ತಿ ಕೆಡಿಸೋದು. ಹಬ್ಬದ ದಿನ ಎರಡು ಹೋಳಿಗೆ ಒಟ್ಟಿಗೆ ತಿಂದ್ರೆ ಆಗೋ ನಷ್ಟಕ್ಕಿಂತ ಒಂದೇ ಲಾಲಿಪಾಪ್ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಚೀಪಿದ್ರೆ ಆಗೋ ನಷ್ಟ ದೊಡ್ಡದು. ಫ್ಲೋರೈಡ್ ಏನು ಮಾಡುತ್ತೆ ಅಂದ್ರೆ ಕರಗಿದ ಖನಿಜ ವಾಪಸ್ ಕೂರೋಕೆ ಸಹಾಯ ಮಾಡುತ್ತೆ, ಹಲ್ಲಿನ ಮೇಲ್ಪದರ ಗಟ್ಟಿ ಮಾಡುತ್ತೆ. ಬರೀ ಬ್ರಶ್ ಉಜ್ಜಿದ್ರೆ ಹಲ್ಲು ಸ್ವಚ್ಛವಾಗುತ್ತೆ, ಒಸಡಿಗೂ ಒಳ್ಳೇದು, ಆದ್ರೆ ಹುಳುಕು ತಡೆಯೋ ಕೆಲಸ ಬಹುಪಾಲು ಪೇಸ್ಟಿನ ಫ್ಲೋರೈಡ್‌ದು.

ಟ್ಯೂಬಿನ ಹಿಂದೆ ಓದಿ ತಗೊಳ್ಳಿ, ಫ್ಲೋರೈಡ್ 1000 ಪಿಪಿಎಂ (ಅಂದ್ರೆ ಹತ್ತು ಲಕ್ಷ ಭಾಗಕ್ಕೆ ಸಾವಿರ ಭಾಗ) ಅಂತ ಇರ್ಬೇಕು, ನಮ್ಮ ದೇಶದ ಕಾನೂನಲ್ಲಿ ಪೇಸ್ಟಿಗೆ ಇರೋ ಗರಿಷ್ಠ ಮಿತಿನೂ ಅದೇ. ಬಣ್ಣಬಣ್ಣದ ಮಕ್ಕಳ ಜೆಲ್ ಕೆಲವದರಲ್ಲಿ ಫ್ಲೋರೈಡ್ ಅರ್ಧಾನೇ ಇರುತ್ತೆ, ಕೆಲವದರಲ್ಲಿ ಇರೋದೇ ಇಲ್ಲ. ಮೂರು ವರ್ಷದೊಳಗಿನವ್ರಿಗೆ ಅಕ್ಕಿ ಕಾಳಿನಷ್ಟು, ಮೂರರ ಮೇಲೆ ಬಟಾಣಿ ಕಾಳಿನಷ್ಟು, ಅಷ್ಟೇ. ಟಿವಿ ಜಾಹೀರಾತಲ್ಲಿ ಬ್ರಶ್ ತುಂಬಾ ಹಾಕೋದು ನೋಡಿ ಹಾಗೇ ಹಾಕ್ತಾರೆ, ಬೇಡ.

ಇನ್ನು ಹಾಲುಹಲ್ಲು ಹೆಂಗೂ ಬೀಳುತ್ತೆ ಅನ್ನೋ ಮಾತು. ನಾವು ಕೇಳಿ ಕೇಳಿ ಸಾಕಾಗಿರೋ ಮಾತು ಅದು, ಆದ್ರೂ ಪ್ರತಿ ಸಲ ಸಮಾಧಾನವಾಗೇ ಉತ್ತರ ಹೇಳ್ಬೇಕು. ಮುಂದಿನ ಹಲ್ಲು ಆರೇಳು ವರ್ಷಕ್ಕೆ ಬೀಳುತ್ತೆ ನಿಜ, ಹಿಂದಿನ ದವಡೆ ಹಾಲುಹಲ್ಲು ಹತ್ತು ಹನ್ನೆರಡು ವರ್ಷದವರೆಗೂ ಇರ್ಬೇಕು. ಬಸ್ಸಲ್ಲಿ ಟವಲ್ ಹಾಕಿ ಸೀಟ್ ಹಿಡಿದಂಗೆ ಅವು ಕೆಳಗೆ ಬರೋ ಹಲ್ಲಿಗೆ ಜಾಗ ಹಿಡ್ಕೊಂಡಿರ್ತವೆ, ಬೇಗ ಕಿತ್ತು ಹೋದ್ರೆ ಪಕ್ಕದವು ಸರಿದು ಜಾಗ ಮುಚ್ಚುತ್ತೆ, ಶಾಶ್ವತ ಹಲ್ಲು ಸೊಟ್ಟ ಬರುತ್ತೆ. ಅದಕ್ಕಿಂತ ಮುಖ್ಯ, ನೋವಿರೋ ಮಗು ಸರಿಯಾಗಿ ಊಟ ಮಾಡಲ್ಲ, ರಾತ್ರಿ ನಿದ್ದೆ ಮಾಡಲ್ಲ, ಪಾಠ ತಲೆಗೆ ಹೋಗಲ್ಲ.

ನಿಮ್ಮ ಒಂದನೇ ಕ್ಲಾಸಿನ ಮಕ್ಕಳಲ್ಲಿ ಒಂದು ವಿಷಯ ನೀವೇ ನೋಡ್ಬಹುದು. ಬಾಯಿ ಅಗಲ ತೆಗೆಸಿ ಮೊಬೈಲ್ ಟಾರ್ಚ್ ಹಾಕಿ, ಕೊನೇ ಹಾಲುಹಲ್ಲಿನ ಹಿಂದೆ ಒಂದು ದೊಡ್ಡ ದವಡೆ ಹಲ್ಲು ಮೂಡ್ತಾ ಇರುತ್ತೆ. ಆರು ವರ್ಷಕ್ಕೆ ಬರೋದು ಅದು, ಯಾವ ಹಲ್ಲೂ ಬೀಳದೆ ಬರೋದ್ರಿಂದ ತಂದೆತಾಯಿಗೆ ಗೊತ್ತೇ ಆಗಲ್ಲ, ಇದೂ ಹಾಲುಹಲ್ಲೇ ಅಂದ್ಕೊಂಡಿರ್ತಾರೆ. ಆದ್ರೆ ಅದು ಸಾಯೋವರೆಗೂ ಇರ್ಬೇಕಾದ ಹಲ್ಲು. ಮೇಲ್ಗಡೆ ಆಳವಾದ ಗೀರು ಇರ್ತವೆ, ಅದರಲ್ಲಿ ಬಿಸ್ಕತ್ತು ಕೂತ್ರೆ ಬ್ರಶ್ಶಿನ ಎಳೆ ಒಳಗೆ ಹೋಗಲ್ಲ, ಬಂದ ಒಂದೆರಡು ವರ್ಷದಲ್ಲೇ ಹುಳುಕಾಗೋದು ನಾವು ಜಾಸ್ತಿ ನೋಡೋದು ಇದನ್ನೇ. ಮುಂದಿನ ಸಲ ಕಾಲೇಜಿನ ಗಾಡಿ ಕರೆಸೋದಾದ್ರೆ "ಆರು ವರ್ಷದ ಹಲ್ಲಿಗೆ ಸೀಲಂಟ್ ಹಾಕಿಕೊಡಿ" ಅಂತ ಪತ್ರದಲ್ಲೇ ಬರೀರಿ. ಸೂಜಿ ಇಲ್ಲ, ಕೊರೆಯೋದಿಲ್ಲ, ಆ ಗೀರುಗಳನ್ನ ಮುಚ್ಚಿಬಿಡ್ತಾರೆ. ಬರೀ ತಪಾಸಣೆ ಮಾಡಿ ಚೀಟಿ ಕೊಟ್ಟು ಹೋಗೋ ಕ್ಯಾಂಪಿಗಿಂತ ಇದು ಎಷ್ಟೋ ಪಾಲು ಮೇಲು.

ಆ ಎರಡನೇ ಕ್ಲಾಸಿನ ಹುಡುಗಿ ವಿಷಯ ಮಾತ್ರ ಕ್ಯಾಂಪಿಗೆ ಕಾಯ್ಬೇಡಿ. ಗಲ್ಲ ಬಾತು ಇಳಿಯೋದು ಅಂದ್ರೆ ಹಲ್ಲಿನ ಬೇರಿನ ಹತ್ರ ಕೀವು ಇದೆ ಅಂತ ಅರ್ಥ, ನೋವು ನಿಂತಿದೆ ಅಂದ್ರೆ ವಾಸಿಯಾಗಿದೆ ಅಂತಲ್ಲ. ತಾಲೂಕು ಆಸ್ಪತ್ರೇಲಿ ದಂತವೈದ್ಯರು ಇರ್ತಾರೆ, ಈ ವಾರದಲ್ಲೇ ತೋರಿಸಿ. ಜ್ವರ ಬಂದ್ರೆ, ಬಾಯಿ ತೆಗೆಯೋಕೆ ಆಗದೇ ಇದ್ರೆ, ಬಾವು ಕಣ್ಣಿನ ಕಡೆಗೋ ಕತ್ತಿನ ಕಡೆಗೋ ಹರಡಿದ್ರೆ ಅದೇ ದಿನ ಕರ್ಕೊಂಡು ಹೋಗ್ಬೇಕು. ಮೇಲಿನ ಹಲ್ಲು ಕಿತ್ರೆ ಕಣ್ಣು ಹೋಗುತ್ತೆ ಅಂತ ಯಾರಾದ್ರೂ ಮನೆಯವ್ರನ್ನ ಹೆದರಿಸಿದ್ರೆ, ಹಾಗೇನೂ ಇಲ್ಲ ಅಂತ ನನ್ನ ಹೆಸರಲ್ಲಿ ಹೇಳಿ.

ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ, ಅಂದ್ರೆ ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆ) ತಂಡನೂ ಇದೆಯಲ್ಲ, 2013ರಲ್ಲಿ ಶುರುವಾದ ಕಾರ್ಯಕ್ರಮ, ವರ್ಷಕ್ಕೊಂದ್ಸಲ ಶಾಲೆಗೆ, ಎರಡು ಸಲ ಅಂಗನವಾಡಿಗೆ ಬರ್ಬೇಕು. ಅವರು ನೋಡೋ ಕಾಯಿಲೆ ಪಟ್ಟೀಲಿ ಹಲ್ಲಿನ ಹುಳುಕೂ ಇದೆ. ತೂಕ ಎತ್ತರ ಕಣ್ಣು ನೋಡೋವಾಗ ಬಾಯಿನೂ ನೋಡಿಸಿ, ರೆಫರಲ್ ಚೀಟಿ ಬರೆಸ್ಕೊಳ್ಳಿ.

---

ಹೊಸದುರ್ಗದ ರೈತ:

ಎಲ್ಲಾ ಸರಿ ಸರ್, ಆದ್ರೆ ಒಂದು ಮಾತು. ನಮ್ಮ ಅಜ್ಜಿ ಎಂಬತ್ತು ದಾಟಿದ್ರೂ ಕಡ್ಲೆಕಾಯಿ ಕಟಕಟ ಅಂತ ಅಗಿಯೋರು, ಪೇಸ್ಟ್ ಮುಖಾನೇ ನೋಡಿದವ್ರಲ್ಲ, ಬೇವಿನ ಕಡ್ಡಿ ಇಲ್ಲಾಂದ್ರೆ ಇದ್ದಿಲು ಉಪ್ಪು. ನಮ್ಮ ಹಿತ್ತಿಲಲ್ಲೇ ಬೇವಿನ ಮರ ಇಟ್ಕೊಂಡು ಮಕ್ಕಳಿಗೆ ಟ್ಯೂಬ್ ಅಭ್ಯಾಸ ಮಾಡಿಸೋದು ಯಾಕೆ, ಇದರಲ್ಲಿ ಕಂಪನಿಗಳಿಗೆ ಲಾಭ ಆಗೋದೇ ಜಾಸ್ತಿ ಅನ್ಸುತ್ತೆ. ಶಾಲೇಲಿ ಬೇವಿನ ಕಡ್ಡಿ ಹೇಳ್ಕೊಡಬಹುದಲ್ವಾ?

---

ದಂತವೈದ್ಯ, ದಾವಣಗೆರೆ:

ಅಣ್ಣ, ನಿಮ್ಮ ಅಜ್ಜಿ ಹಲ್ಲು ಗಟ್ಟಿ ಇದ್ದಿದ್ದು ಸುಳ್ಳಲ್ಲ, ನಮ್ಮ ಮನೇಲೂ ಅಂಥವ್ರಿದ್ರು. ಆದ್ರೆ ಅಜ್ಜಿ ಚಿಕ್ಕವ್ರಿದ್ದಾಗ ಏನು ತಿಂತಿದ್ರು ಅದನ್ನೂ ನೋಡ್ಬೇಕು. ರಾಗಿ ಮುದ್ದೆ, ಸೊಪ್ಪು, ಹುರುಳಿ, ಬೆಲ್ಲ ಸಿಕ್ರೆ ಹಬ್ಬಕ್ಕೆ. ಈಗಿನ ಮಗು ಬೆಳಿಗ್ಗೆ ಎದ್ದ ಕೂಡ್ಲೆ ಸಕ್ಕರೆ ಟೀಗೆ ಬಿಸ್ಕತ್ತು ಅದ್ದುತ್ತೆ, ಆಮೇಲೆ ಮಲಗೋವರೆಗೂ ಪ್ಯಾಕೆಟ್ಟು. ಆ ಊಟಕ್ಕೆ ಸಾಕಾಗ್ತಿದ್ದ ಬೇವಿನ ಕಡ್ಡಿ ಈ ಊಟಕ್ಕೆ ಸಾಕಾಗಲ್ಲ. ದೊಡ್ಡವ್ರು ಮೆಲ್ಲಗೆ ಉಪಯೋಗಿಸಿದ್ರೆ ನನ್ನದೇನೂ ತಕರಾರಿಲ್ಲ. ಆದ್ರೆ ಆರು ವರ್ಷದ ಮಗು ಕಡ್ಡಿ ಹಿಡಿದು ಹಿಂದಿನ ದವಡೆ ಮುಟ್ಟೋಕೆ ಆಗಲ್ಲ, ಒಸಡು ಗಾಯ ಮಾಡ್ಕೊಳ್ಳುತ್ತೆ. ಇದ್ದಿಲು, ಇಟ್ಟಿಗೆ ಪುಡಿ, ಒರಟು ಹಲ್ಲುಪುಡಿ ಮಾತ್ರ ಯಾರಿಗೂ ಬೇಡ, ಮೇಲ್ಪದರ ಸವೆದು ಜುಮ್ಮೆನ್ನೋಕೆ ಶುರುವಾಗುತ್ತೆ. ಕಂಪನಿ ಯಾವುದಾದ್ರೂ ಆಗ್ಲಿ, ಅತಿ ಅಗ್ಗದ್ದೇ ತಗೊಳ್ಳಿ, 1000 ಪಿಪಿಎಂ ಫ್ಲೋರೈಡ್ ಇದ್ರೆ ಸಾಕು.

---

ಅಂಗನವಾಡಿ ಕಾರ್ಯಕರ್ತೆ, ಮಂಡ್ಯ ಜಿಲ್ಲೆ:

ಟೀಚರ್, ನಿಮ್ಮತ್ರ ಬರೋಷ್ಟೊತ್ಗೆ ಅರ್ಧ ಹಲ್ಲು ಹೋಗಿರ್ತವೆ ಕಣ್ರೀ, ಕೆಡೋದು ನಮ್ಮ ಕೇಂದ್ರದ ವಯಸ್ಸಲ್ಲೇ. ರಾತ್ರಿ ಮಲಗಿಸೋವಾಗ ಬಾಯಿಗೆ ಹಾಲಿನ ಬಾಟ್ಲಿ ಇಟ್ಟು ಹಂಗೇ ನಿದ್ದೆ ಮಾಡಿಸ್ಬಿಡ್ತಾರೆ, ಅದರಲ್ಲೂ ಸಕ್ಕರೆ ಹಾಕಿರ್ತಾರೆ, ಅಳ್ತಾ ಇದ್ರೆ ನಿಪ್ಪಲ್ಲಿಗೆ ಜೇನುತುಪ್ಪ ಸವರಿ ಕೊಡೋದೂ ಉಂಟು. ಎರಡು ವರ್ಷದ ಮಗೀಗೆ ಮೇಲಿನ ಮುಂದಿನ ನಾಕು ಹಲ್ಲು ಕಂದು ಬಣ್ಣಕ್ಕೆ ತಿರುಗಿ ಚೂರುಚೂರು ಮುರಿದಿರ್ತವೆ, ಕೇಳಿದ್ರೆ "ಹಲ್ಲೇ ಹಂಗ್ ಬಂತು" ಅಂತಾರೆ. ಹಂಗ್ ಬಂದಿದ್ದಲ್ಲ, ಹೊಸ ಹಲ್ಲು ಬಿಳೀಗೇ ಬಂದಿರ್ತದೆ.

ನಮ್ ಕೇಂದ್ರದಲ್ಲಿ ನಾವೇನ್ ಮಾಡ್ತೀವಿ ಅಂದ್ರೆ, ಮಾತೃಪೂರ್ಣ ಊಟಕ್ಕೆ ಗರ್ಭಿಣಿ ಬಾಣಂತಿಯರು ಬರ್ತಾರಲ್ಲ, ಆಗ ಮಾತಾಡ್ತೀವಿ. ಸಭೆ ಅಂತ ಕರೆದ್ರೆ ಯಾರೂ ಬರಲ್ಲ, ಊಟದ ಹೊತ್ತಲ್ಲಿ ಎಲ್ಲಾ ಕೂತಿರ್ತಾರೆ, ಅಕ್ಕತಂಗೀರು ಮಾತಾಡ್ಕೊಂಡಂಗೆ ಆಯ್ತದೆ. ಚಾರ್ಟು ತೋರಿಸೋದಕ್ಕಿಂತ ಒಂದು ಕೆಲಸ ಜಾಸ್ತಿ ತಟ್ತದೆ. ಮಗೂನ ತಾಯಿ ತೊಡೆ ಮೇಲೆ ಮಲಗಿಸ್ಕೊಂಡು ಮೇಲಿನ ತುಟಿ ಮೆಲ್ಲಗೆ ಎತ್ತಿಸಿ "ನೋಡವ್ವ, ಒಸಡಿನ ಪಕ್ಕ ಸುಣ್ಣದ ಗೆರೆ ಥರ ಬೆಳ್ಳಗೆ ಕಾಣ್ತದಲ್ಲ, ಇದು ಹುಳುಕು ಶುರುವಾಗೋ ಗುರುತು" ಅಂತ ತೋರಿಸ್ತೀವಿ. ತನ್ನ ಮಗೀನ ಬಾಯಲ್ಲಿ ತಾನೇ ನೋಡಿದ ಮೇಲೆ ಆಕೆ ಇನ್ನೊಬ್ರಿಗೆ ಹೇಳ್ತಾಳೆ. ಈಗ ಕೆಲವು ಮನೇಲಿ ಬಾಟ್ಲಿ ಬಿಡಿಸಿ ಲೋಟಕ್ಕೆ ಹಾಕವ್ರೆ. ಮಲಗೋ ಮುಂಚೆ ಹತ್ತಿ ಬಟ್ಟೆ ಒದ್ದೆ ಮಾಡಿ ಒಸಡು ಒರೆಸೋದು ಎಳೆ ಮಗೀಗೇ ಶುರು ಮಾಡ್ಬೇಕು ಅಂತ ಡಾಕ್ಟ್ರು ಹೇಳಿಕೊಟ್ಟಿದ್ರು, ಅದನ್ನೂ ಹೇಳ್ತೀವಿ.

ಅತ್ತೇರನ್ನ ಬಿಟ್ಟು ಬರೀ ಸೊಸೇರಿಗೆ ಹೇಳಿ ಏನೂ ಪ್ರಯೋಜನ ಇಲ್ಲ, ಮಗೀನ ನೋಡ್ಕೊಳ್ಳೋದು ಅಜ್ಜೀರು. ಚಾಕ್ಲೇಟು ಕೊಡಿಸೋರು ತಾತಂದಿರು. ಅವರನ್ನೂ ಕರೀರಿ.

---

ಪಾವಗಡ ಕಡೆಯ ತಂದೆ:

ನಮ್ಮ ಸಮಸ್ಯೆ ಬೇರೆ ಥರ, ಇಲ್ಲೇ ಕೇಳ್ತೀನಿ ಕ್ಷಮಿಸಿ. ನಮ್ಮೂರಲ್ಲಿ ಮಕ್ಕಳ ಹಲ್ಲು ಹುಳುಕಿಲ್ಲ, ಆದ್ರೆ ಹಳದಿ, ಕಂದು ಗೆರೆ. ಫ್ಲೋರೈಡ್ ನೀರು ಅಂತ ಎಲ್ರಿಗೂ ಗೊತ್ತು. ನನ್ನ ಮಗಳಿಗೆ ಎಂಟು ವರ್ಷ, ಬಾಯಿ ಮುಚ್ಕೊಂಡು ನಗ್ತಾಳೆ, ಕ್ಲಾಸಲ್ಲಿ ಹಲ್ಲು ಉಜ್ಜಲ್ವಾ ಅಂತ ಕೇಳಿದ್ರಂತೆ. ದಿನಾ ಎರಡು ಹೊತ್ತು ಉಜ್ಜುತ್ತೆ ಮಗು. ಡಾಕ್ಟ್ರೇ, ನೀವು ಫ್ಲೋರೈಡ್ ಪೇಸ್ಟು ಅಂತೀರಿ, ನಮ್ಮೂರಿಗೆ ಅದು ಸರೀನಾ? ನಾವು ಮನೇಲಿ ನೀರು ಕಾಯಿಸಿ ಆರಿಸಿ ಕುಡಿಸ್ತೀವಿ.

---

ದಂತವೈದ್ಯ, ದಾವಣಗೆರೆ:

ಒಳ್ಳೇ ಪ್ರಶ್ನೆ ಕೇಳಿದ್ರಿ, ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯವ್ರಿಗೆಲ್ಲ ಬೇಕಾದ ಮಾತು. ಮೊದಲನೇದಾಗಿ ನೀರು ಕಾಯಿಸಿದ್ರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾಗಿ ಕಮ್ಮಿಯಾದಷ್ಟೂ ಉಳಿದ ನೀರಲ್ಲಿ ಫ್ಲೋರೈಡ್ ಸಾಂದ್ರ ಆಗುತ್ತೆ. ಆರ್‌ಒ ಘಟಕದ ನೀರೇ ಬೇಕು, ಅದೂ ಕುಡಿಯೋಕೆ ಮಾತ್ರ ಅಲ್ಲ. ಎಷ್ಟೋ ಮನೇಲಿ ನಾಣ್ಯ ಹಾಕಿ ಕ್ಯಾನ್ ತಂದು ಕುಡೀತಾರೆ, ಅನ್ನ, ಬೇಳೆ, ಟೀ ಎಲ್ಲಾ ಬೋರ್‌ವೆಲ್ ನೀರಲ್ಲೇ ಬೇಯಿಸ್ತಾರೆ, ಅಲ್ಲೇ ಸಾಕಷ್ಟು ಒಳಗೆ ಹೋಗ್ತಿರುತ್ತೆ. ಅಡುಗೆಗೂ ಆರ್‌ಒ ನೀರೇ ಇಡಿ.

ಕುಡಿಯೋ ನೀರಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗೆ ಇರ್ಬೇಕು, ಬೇರೆ ದಾರಿನೇ ಇಲ್ಲದಿದ್ರೆ 1.5ರವರೆಗೆ ಅಂತ ನಮ್ಮ ಮಾನದಂಡ ಹೇಳುತ್ತೆ. ಪಂಚಾಯ್ತೀಲಿ ನೀರು ಪರೀಕ್ಷೆ ಕಿಟ್ ಇರುತ್ತೆ, ಯಾವ ಬೋರಿನ ನೀರಲ್ಲಿ ಎಷ್ಟಿದೆ ಅಂತ ಕೇಳಿ ತಿಳ್ಕೊಳ್ಳಿ. ಈ ಕಲೆ ಆಗೋದು ಹಲ್ಲು ದವಡೆ ಒಳಗೆ ತಯಾರಾಗೋ ಹೊತ್ತಲ್ಲಿ, ಅಂದ್ರೆ ಹುಟ್ಟಿದಾಗಿಂದ ಸುಮಾರು ಎಂಟು ವರ್ಷದವರೆಗೆ. ಹೊರಗೆ ಬಂದ ಹಲ್ಲಿಗೆ ಹೊಸದಾಗಿ ಬರಲ್ಲ. ಹಾಗಾಗಿ ಮನೇಲಿ ಇನ್ನೂ ಚಿಕ್ಕ ಮಕ್ಕಳಿದ್ರೆ ಒಳ್ಳೇ ನೀರು ಮೊದಲು ಸೇರ್ಬೇಕಾದ್ದು ಅವರಿಗೆ.

ಪೇಸ್ಟ್ ವಿಷಯಕ್ಕೆ ಬಂದ್ರೆ, ಅಂಥ ಊರಲ್ಲಿ ಉಗುಳೋಕೆ ಬಾರದೆ ನುಂಗೋ ವಯಸ್ಸಿನ ಮಕ್ಕಳಿಗೆ ಫ್ಲೋರೈಡ್ ಪೇಸ್ಟ್ ಬೇಡ. ದೊಡ್ಡ ಮಕ್ಕಳಿಗೆ ನೀರಿನ ರಿಪೋರ್ಟ್ ತೋರಿಸಿ ನಿಮ್ಮ ತಾಲೂಕಿನ ದಂತವೈದ್ಯರ ಹತ್ರ ಕೇಳಿ ತೀರ್ಮಾನ ಮಾಡಿ. ರಾಣೇಬೆನ್ನೂರು ಟೀಚರೂ ಶಾಲೆ ಬೋರಿನ ನೀರಿನ ರಿಪೋರ್ಟ್ ಒಂದ್ಸಲ ನೋಡಿಬಿಟ್ಟೇ ಶುರು ಮಾಡ್ಲಿ.

ಮಗಳ ಹಲ್ಲಿನ ಕಲೆ ಉಜ್ಜಿದ್ರೆ ಹೋಗೋದಲ್ಲ, ಗಟ್ಟಿಯಾಗಿ ಉಜ್ಜಿಸ್ಬೇಡಿ. ಸ್ವಲ್ಪ ದೊಡ್ಡವಳಾದ ಮೇಲೆ ಕಲೆ ತೆಳುವಾಗಿಸೋ, ಮುಚ್ಚೋ ಚಿಕಿತ್ಸೆ ಇದೆ. ಅದಕ್ಕಿಂತ ಮೊದಲು ಅವಳ ಟೀಚರ್ ಹತ್ರ ಹೋಗಿ ಇದು ನೀರಿನಿಂದ ಬಂದದ್ದು, ಕೊಳೆಯಿಂದ ಅಲ್ಲ ಅಂತ ಎಲ್ಲಾ ಮಕ್ಕಳ ಮುಂದೆ ಒಂದ್ಸಲ ಹೇಳಿಸಿ. ಆ ಮಾತು ಅವಳಿಗೆ ಈಗಲೇ ಬೇಕು.

---

ಗ್ಲಾಸ್ಗೋ ಅಮ್ಮ:

ನಾನು ಶಿವಮೊಗ್ಗದವಳು, ಈಗ ಸ್ಕಾಟ್ಲೆಂಡಲ್ಲಿ ಇದೀನಿ. ಟೀಚರ್ ಕೇಳಿದ ದಿನಾ ಶಾಲೇಲಿ ತಿಕ್ಕಿಸೋ ಕೆಲಸ ಇಲ್ಲಿ ಚೈಲ್ಡ್‌ಸ್ಮೈಲ್ ಅಂತ ಸರ್ಕಾರದ ಕಾರ್ಯಕ್ರಮ, ನನ್ನ ಮಗನ ನರ್ಸರೀಲಿ ಕಣ್ಣಾರೆ ನೋಡಿದೀನಿ ಅದಕ್ಕೆ ಬರೀತಿದೀನಿ. ಇಲ್ಲಿ ಒಂದು ಕಾಲದಲ್ಲಿ ಮಕ್ಕಳ ಹಲ್ಲು ತುಂಬಾ ಕೆಟ್ಟ ಸ್ಥಿತೀಲಿತ್ತಂತೆ, 2003ರಲ್ಲಿ ಒಂದನೇ ಕ್ಲಾಸ್ ಮಕ್ಕಳಲ್ಲಿ ಹುಳುಕು ಕಾಣದೇ ಇದ್ದವ್ರು ನೂರಕ್ಕೆ 45, 2020ರ ಹೊತ್ತಿಗೆ ಅದು 70 ದಾಟಿತ್ತು. ಇಲ್ಲಿ ನಲ್ಲಿ ನೀರಿಗೆ ಫ್ಲೋರೈಡ್ ಹಾಕಲ್ಲ, ಅದಿಲ್ಲದೇನೇ ಇಷ್ಟು ಬದಲಾಗಿದ್ದು.

ಮಾಡೋ ರೀತಿ ತುಂಬಾ ಸರಳ. ಪ್ರತಿ ಮಗುಗೂ ಗುರುತಿನ ಚಿತ್ರ ಅಂಟಿಸಿದ ಒಂದು ಬ್ರಶ್, ತೂತು ತೂತು ಇರೋ ಸ್ಟ್ಯಾಂಡಲ್ಲಿ ಒಂದಕ್ಕೊಂದು ತಾಗದ ಹಾಗೆ ನಿಲ್ಲಿಸಿರ್ತಾರೆ. ಟೀಚರ್ ಟ್ಯೂಬನ್ನ ಬ್ರಶ್ಶಿಗೆ ಮುಟ್ಟಿಸಲ್ಲ, ಒಂದು ತಟ್ಟೆ ಮೇಲೆ ಬೊಟ್ಟು ಬೊಟ್ಟಾಗಿ ದೂರ ದೂರ ಹಾಕ್ತಾರೆ, ಮಕ್ಕಳು ಒಬ್ಬೊಬ್ರೇ ತಮ್ಮ ಬೊಟ್ಟನ್ನ ಬ್ರಶ್ಶಿಂದ ತಗೋತಾರೆ, ಎಲ್ರೂ ಸುತ್ತ ಕೂತು ಹಾಡು ಹಾಕಿ ಎರಡು ನಿಮಿಷ ತಿಕ್ತಾರೆ. ಆಮೇಲೆ ಟಿಶ್ಯೂಗೆ ಉಗುಳ್ತಾರೆ, ಬಾಯಿ ಮುಕ್ಕಳಿಸಲ್ಲ! ನನಗೆ ಮೊದಲು ಅದು ಒಪ್ಪಿಗೆಯಾಗ್ಲಿಲ್ಲ, ನಾವು ಗಂಟಲವರೆಗೂ ಮುಕ್ಕಳಿಸಿ ಬೆಳೆದವ್ರು. ಪೇಸ್ಟಿನ ಫ್ಲೋರೈಡ್ ಹಲ್ಲಿನ ಮೇಲೆ ಸ್ವಲ್ಪ ಹೊತ್ತು ಉಳೀಲಿ ಅಂತ ಹಾಗೆ ಮಾಡೋದಂತೆ. ನಲ್ಲಿ ಇಲ್ಲದ ಕೋಣೇಲೂ ನಡೆಯುತ್ತೆ, ನೀರಿನ ತೊಂದರೆ ಇರೋ ನಮ್ಮ ಶಾಲೆಗಳಿಗೆ ಇದು ಅನುಕೂಲ ಅಂತ ನನಗನ್ಸುತ್ತೆ. ಫಿಲಿಪೈನ್ಸ್ ಶಾಲೆಗಳಲ್ಲೂ ಫಿಟ್ ಫಾರ್ ಸ್ಕೂಲ್ ಅಂತ ಗುಂಪಾಗಿ ಕೈ ತೊಳೆಯೋದು, ಹಲ್ಲು ತಿಕ್ಕೋದು ಮಾಡಿಸ್ತಾರೆ, ಅವ್ರದ್ದು ನಮ್ಮಂಥದ್ದೇ ಬಿಸಿಲು, ನಮ್ಮಂಥದ್ದೇ ತುಂಬಿದ ಕ್ಲಾಸು.

---

ರಾಣೇಬೆನ್ನೂರ ಟೀಚರ್:

ಇಷ್ಟೊಂದು ಮಂದಿ ಇಷ್ಟು ವಿವರವಾಗಿ ಬರಿತೀರಿ ಅಂತ ಅನ್ಕೊಂಡಿರಲಿಲ್ಲ, ನಿಮಗೆಲ್ಲಾ ಭಾಳ ಧನ್ಯವಾದ. ಹುಡುಗಿನ್ನ ತಾಲೂಕು ಆಸ್ಪತ್ರಿಗೆ ತೋರಿಸಿದ್ರು, ತಾಯಿ ಒಂದು ದಿನದ ಕೂಲಿ ಬಿಟ್ಟು ಬಂದಿದ್ಲು. ಒಂದು ಹಲ್ಲು ತಗದಾರ, ಇನ್ನೆರಡಕ್ಕ ಕರಿ ಔಷಧ ಹಚ್ಚತೀವಿ ಅಂದಾರಂತ. ಅದು ಹಚ್ಚಿದ್ರ ಹಲ್ಲು ಕರ್ರಗಾಗತೈತಿ ಅಂತ ಮನ್ಯಾಗ ಹಿಂದ ಮುಂದ ನೋಡಾಕತ್ತಾರ, ಹೆಣ್ಣಮಗು ನೋಡ್ರಿ. ಏನ್ ಹೇಳ್ಲಿ ಅವರಿಗೆ?

ಇನ್ನ ಸಾಲಿದು. ಎಚ್‌ಎಂ ಸರ್ ಒಪ್ಯಾರ. ಮುಂಜಾನೆ ಹಾಲು, ರಾಗಿ ಮಾಲ್ಟು ಕುಡದ ಮ್ಯಾಲ ತಿಕ್ಕಿಸೋಣ ಅಂತ ವಿಚಾರ ಐತಿ, ಹಾಲಿಗೆ ಸಕ್ಕರಿ ಇರತೈತಿ, ಮಾಲ್ಟಿಗೆ ಬೆಲ್ಲ ಇರತೈತಿ, ಅದರ ಬೆನ್ನಿಗೇ ಆದ್ರ ಚೊಲೋ ಅಲ್ಲೇನ್ರಿ. ಊರಾಗಿನ ಬಡಿಗೇರು ಒಬ್ಬರು ಹಲಗಿಗೆ ತೂತು ಕೊರದು ಸ್ಟ್ಯಾಂಡ್ ಮಾಡಿಕೊಡ್ತೀನಿ ಅಂದಾರ, ರೊಕ್ಕ ಬ್ಯಾಡ ಅಂದ್ರು. ಎದುರಿನ ಅಂಗಡಿ ಅಕ್ಕನ ಜೋಡಿ ಮಾತಾಡೀನಿ, ಆಕಿನ ಮೊಮ್ಮಗನೂ ನಮ್ಮ ಸಾಲ್ಯಾಗೇ ಅದಾನ, ಜೆಲ್ಲಿ ಲಾಲಿಪಾಪು ಒಳಗ ಇಟ್ಟು ಹುರಿದ ಶೇಂಗಾ, ಪುಠಾಣಿ ಮುಂದ ಇಡ್ತೀನಿ ಅಂದಾಳ. ಪುಠಾಣಿ ಪೊಟ್ಲಿ ಎರಡು ರೂಪಾಯಿಗೆ ಕೊಟ್ರ ಮಕ್ಕಳು ತಗೋತಾವ ಅಂತ ಆಕಿಗೂ ಧೈರ್ಯ ಬಂದೈತಿ.

ಖರ್ಚಿಂದು ಒಂದು ಅಂದಾಜು ಕೊಟ್ರ ಎಸ್‌ಡಿಎಂಸಿ ಮುಂದ ಇಡಬಹುದು. ನಮ್ಮ ನಲಿ-ಕಲಿ ಮಕ್ಕಳು ಮೂವತ್ತು.

---

ದಂತವೈದ್ಯ, ದಾವಣಗೆರೆ:

ಆ ಕಪ್ಪು ಔಷಧ ಅಂದ್ರೆ ಸಿಲ್ವರ್ ಡೈಅಮೈನ್ ಫ್ಲೋರೈಡ್. ಅದರಲ್ಲಿರೋ ಬೆಳ್ಳಿ ಬ್ಯಾಕ್ಟೀರಿಯಾ ಕೊಲ್ಲುತ್ತೆ, ಫ್ಲೋರೈಡ್ ಮೆತ್ತಗಾದ ಭಾಗ ಗಟ್ಟಿ ಮಾಡುತ್ತೆ, ಕೊರೆಯದೇ ಸೂಜಿ ಚುಚ್ಚದೇ ಹುಳುಕು ಮುಂದೆ ಹೋಗೋದು ನಿಲ್ಲುತ್ತೆ, 2021ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿ ಪಟ್ಟೀಲೂ ಇದೆ. ಹುಳುಕಾದ ಭಾಗ ಕಪ್ಪಗಾಗೋದು ನಿಜ, ಅದನ್ನ ಮೊದಲೇ ಹೇಳಿ ಒಪ್ಪಿಗೆ ತಗೊಂಡೇ ಹಚ್ಚಬೇಕು. ಮನೆಯವ್ರಿಗೆ ಹೀಗೆ ಹೇಳಿ: ಹಿಂದಿನ ದವಡೆ ಹಲ್ಲಾದ್ರೆ ನಕ್ಕಾಗ ಕಾಣಲ್ಲ, ಆ ಹಾಲುಹಲ್ಲು ಹನ್ನೊಂದು ಹನ್ನೆರಡು ವರ್ಷಕ್ಕೆ ಬಿದ್ದು ಬಿಳಿ ಹಲ್ಲು ಬರುತ್ತೆ, ಅಲ್ಲಿಯವರೆಗೆ ನೋವಿಲ್ಲದೆ ಎರಡೂ ಕಡೆ ಅಗಿದು ಉಣ್ಣಬಹುದು. ಒಂದ್ಸಲ ಹಚ್ಚಿ ಬಿಡೋದಲ್ಲ, ಆರು ತಿಂಗಳಿಗೊಮ್ಮೆ ಮತ್ತೆ ಹಚ್ಚಿಸ್ಬೇಕು, ತಾರೀಖು ನೀವೇ ಬರೆದಿಟ್ಕೊಳ್ಳಿ, ಕೂಲಿಗೆ ಹೋಗೋ ಮನೇಲಿ ಮರೆತು ಹೋಗುತ್ತೆ. ಒಂದೇ ದಿನ ನಾಲ್ಕೈದು ಮಕ್ಕಳನ್ನ ಒಟ್ಟಿಗೆ ಕಳಿಸಿದ್ರೆ ಒಬ್ಬ ತಾಯಿ ಹೋದ್ರೂ ಸಾಕಾಗುತ್ತೆ, ಒಪ್ಪಿಗೆ ಪತ್ರ ಮಾತ್ರ ಎಲ್ಲರದ್ದೂ ಇರ್ಲಿ.

ಖರ್ಚು ಹೇಳ್ತೀನಿ. ಬಟಾಣಿ ಗಾತ್ರ ಅಂದ್ರೆ ಸುಮಾರು ಕಾಲು ಗ್ರಾಂ. ಮೂವತ್ತು ಮಕ್ಕಳಿಗೆ ದಿನಕ್ಕೆ ಏಳೂವರೆ ಗ್ರಾಂ, ವರ್ಷಕ್ಕೆ 220 ದಿನ ಶಾಲೆ ಅಂತ ಹಿಡಿದ್ರೆ ಒಂದೂ ಮುಕ್ಕಾಲು ಕೆಜಿಯೊಳಗೆ, ಅಂದ್ರೆ 100 ಗ್ರಾಂ ಟ್ಯೂಬ್ 17. ಟ್ಯೂಬಿಗೆ 60 ರೂಪಾಯಿ ಅಂದ್ರೂ ಸಾವಿರದ ಚಿಲ್ಲರೆ. ಬ್ರಶ್ಶು ವರ್ಷಕ್ಕೆ ಒಬ್ಬರಿಗೆ ಮೂರು, 15 ರೂಪಾಯಿಯಂತೆ 1350. ಎಲ್ಲಾ ಸೇರಿ ಎರಡೂವರೆ ಸಾವಿರದೊಳಗೆ, ಒಂದು ಮಗುವಿಗೆ ವರ್ಷಕ್ಕೆ ಸುಮಾರು 80 ರೂಪಾಯಿ. ಹಳೇ ವಿದ್ಯಾರ್ಥಿಗಳು, ಹುಟ್ಟುಹಬ್ಬಕ್ಕೆ ಚಾಕ್ಲೇಟ್ ಹಂಚೋ ಮನೆಯವ್ರು, ಯಾರಾದ್ರೂ ಒಬ್ರು ಒಂದು ತಿಂಗಳಿನ ಪೇಸ್ಟ್ ಕೊಡ್ತೀನಿ ಅಂದ್ರೂ ನಡೆದು ಹೋಗುತ್ತೆ.

ಕೈ ತೊಳೆಯೋ ನಲ್ಲಿ ಸಾಲು ಶಾಲೇಲಿ ಇಲ್ಲದಿದ್ರೆ ಮಕ್ಕಳ ಗ್ರಾಮಸಭೇಲಿ ಮಕ್ಕಳ ಕೈಲೇ ಅರ್ಜಿ ಕೊಡಿಸಿ, ಪಂಚಾಯ್ತಿಗೆ ಬರೋ ಹಣಕಾಸು ಆಯೋಗದ ಅನುದಾನದಲ್ಲಿ ಒಂದು ಭಾಗ ನೀರು ನೈರ್ಮಲ್ಯಕ್ಕೇ ಅಂತ ಇರುತ್ತೆ. ಆದ್ರೆ ನಲ್ಲಿ ಬರ್ಲಿ ಅಂತ ಕಾಯ್ಬೇಡಿ, ಗ್ಲಾಸ್ಗೋದವ್ರು ಹೇಳಿದ ಹಾಗೆ ನೀರಿಲ್ಲದೆನೂ ಆಗುತ್ತೆ, ಕೈತೋಟದ ಅಂಚಲ್ಲಿ ಸಾಲಾಗಿ ನಿಲ್ಲಿಸಿ ಉಗುಳಿಸಿ. ಶನಿವಾರ ಸ್ಟ್ಯಾಂಡು, ಬ್ರಶ್ಶು ತೊಳೆದು ಬಿಸಿಲಿಗೆ ಇಡೋಕೆ ಮೂರನೇ ಕ್ಲಾಸಿನವ್ರಿಗೆ ಜವಾಬ್ದಾರಿ ಕೊಡಿ. ಜ್ವರ, ಬಾಯಿಹುಣ್ಣು ಇರೋ ಮಗು ಆ ದಿನ ಬೇಡ.

ಇನ್ನೊಂದು, ಶಾಲೇಲಿ ಒಂದು ಹೊತ್ತು ಆಯ್ತು, ರಾತ್ರಿ ಮಲಗೋ ಮುಂಚಿನ ಹೊತ್ತು ಮನೆಯವ್ರದ್ದು. ಎಂಟು ವರ್ಷದವರೆಗೆ ಮಗುವಿನ ಕೈಗೆ ಹಿಂದಿನ ಹಲ್ಲು ಸರಿಯಾಗಿ ಸಿಗಲ್ಲ, ಅಮ್ಮನೋ ಅಪ್ಪನೋ ಹಿಂದಿನಿಂದ ಗಲ್ಲ ಹಿಡಿದು ತಿಕ್ಕಬೇಕು. ನಸುಕಲ್ಲಿ ಹೊಲಕ್ಕೆ ಹೋಗೋ ತಾಯಂದಿರಿಗೂ ರಾತ್ರಿ ಎರಡು ನಿಮಿಷ ಸಿಗುತ್ತೆ, ಪಾಲಕರ ಸಭೇಲಿ ಅದೊಂದೇ ಕೇಳ್ಕೊಳ್ಳಿ, ಒಟ್ಟಿಗೆ ಹತ್ತು ವಿಷಯ ಹೇಳಿದ್ರೆ ಒಂದೂ ಉಳಿಯಲ್ಲ.

ಶುರು ಮಾಡೋ ಮುಂಚೆ ಮೂವತ್ತು ಮಕ್ಕಳದ್ದೂ ಒಂದು ಹಾಳೇಲಿ ಬರೆದಿಡಿ, ಯಾರಿಗೆ ನೋವಿದೆ, ಯಾರಿಗೆ ಹುಳುಕು ಕಾಣುತ್ತೆ, ಹಲ್ಲು ನೋವಿಂದ ಯಾರು ಶಾಲೆ ತಪ್ಪಿಸ್ತಾರೆ. ಮುಂದಿನ ಜೂನಲ್ಲಿ ಅದೇ ಹಾಳೆ ಹಿಡಿದು ಮತ್ತೆ ನೋಡೋಣ. ಹತ್ತಿರದ ಕಾಲೇಜಿಗೆ ಪತ್ರ ಬರೆಯೋದಾದ್ರೆ ಕರಡು ನಾನು ಮಾಡಿಕೊಡ್ತೀನಿ, ಮಕ್ಕಳ ಸಂಖ್ಯೆ, ವಯಸ್ಸು, ನೀರಿನ ರಿಪೋರ್ಟ್ ಇಷ್ಟು ಕಳಿಸಿ, ಸೀಲಂಟ್ ಮತ್ತೆ ಆರು ತಿಂಗಳ ನಂತರ ವಾಪಸ್ ಬರೋ ತಾರೀಖು ಎರಡನ್ನೂ ಅದರಲ್ಲೇ ಕೇಳೋಣ.